ಹಂದಿಯ ಬೆನ್ನಿನ ವಾರಸುದಾರ

ಹಂದಿಗೆ ಒಂದೇ ಬೆನ್ನು. ಈ ವಿಷಯದಲ್ಲಿ ನಮ್ಮ ಸಾಲೆಯಾಫು ಊರಿನಲ್ಲಿ ಭಿನ್ನಾಭಿಪ್ರಾಯವಿಲ್ಲ. ಹಬ್ಬದೂಟದಲ್ಲಿ ಆ ಬೆನ್ನು ಯಾರ ಪಾಲಿಗೆ ಹೋಗಬೇಕು ಎಂಬುದರ ಬಗ್ಗೆ ಮಾತ್ರ ಮೂವತ್ತೊಂದು ವರ್ಷಗಳಿಂದ ಎರಡು ಅಭಿಪ್ರಾಯಗಳಿವೆ. ಎರಡೂ ಅಕ್ಕಪಕ್ಕದ ಮನೆಗಳಲ್ಲಿ ವಾಸವಾಗಿವೆ. ಆದರೂ ಊರು ನೆಮ್ಮದಿಯಾಗಿತ್ತು. ಅದು ಕೆಟ್ಟದ್ದು ಔಕುಸೊ ತಾನಿಯೆಲು ಎಂಬಾತ ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲೆ.

ಔಕುಸೊಗೆ ಆಗ ನಲವತ್ತನಾಲ್ಕು ವರ್ಷ. ನಮ್ಮ ದ್ವೀಪದ ರಾಜಧಾನಿ ಅಪಿಯಾ ಪೇಟೆಯ ಒಂದು ಗೋದಾಮಿನಲ್ಲಿ ಕೇಳಿದವರಿಗೆ ಪೈಪು, ನಲ್ಲಿ, ವಾಷರ್ ಎತ್ತಿ ಕೊಡುವ ಗುಮಾಸ್ತ. ಮೇಲಿನ ಹುದ್ದೆಗೆ ಡಿಪ್ಲೊಮಾ ಬೇಕು. ಡಿಪ್ಲೊಮಾಕ್ಕೆ ಎಂಟು ವಿಷಯ, ಅವುಗಳಲ್ಲಿ ಏಳು ಮುಗಿದಿದ್ದವು. ಎಂಟನೆಯದು ‘ಡೇಟಾಬೇಸ್ ವಿನ್ಯಾಸ ಮತ್ತು ಮಾಹಿತಿ ವ್ಯವಸ್ಥೆಗಳ ವಿಶ್ಲೇಷಣೆ’. ಅದರಲ್ಲಿ ಎರಡು ಸಲ ಫೇಲಾಗಿದ್ದ. ಮೂರನೆಯ ಸಲವೂ ಫೇಲಾದರೆ ಮತ್ತೆ ಸೇರಿಸಿಕೊಳ್ಳುವ ನಿಯಮವಿಲ್ಲ.

ಇಷ್ಟೇ ಆಗಿದ್ದರೆ ಫೇಲಾಗಿ ಮನೆಯಲ್ಲಿ ಕೂರಬಹುದಿತ್ತು. ಆದರೆ ಅವನ ಹೆಂಡತಿ ಮಾತಾಲೇನಾ ಚರ್ಚಿನ ಮಹಿಳಾ ಮಂಡಳಿಯಲ್ಲಿ, “ನಮ್ಮನೆಯವರು ಡಿಸೆಂಬರಿಗೆ ಅನಾಲಿಸ್ಟ್ ಆಗ್ತಾರೆ” ಎಂದು ಘೋಷಿಸಿಬಿಟ್ಟಿದ್ದಳು. ಹಾಗಂದರೇನು ಎಂದು ಯಾರೋ ಕೇಳಿದರು. “ಡಾಕ್ಟರಿಗಿಂತ ಒಂದು ಮೆಟ್ಟಿಲು ಕೆಳಗೆ, ಆದ್ರೆ ಸೂಜಿ ಚುಚ್ಚಲ್ಲ” ಎಂದಳು. ಅದಾದ ವಾರದಲ್ಲಿ ನಾಲ್ಕು ಮಂದಿ ಮಂಡಿನೋವು ತೋರಿಸಲು ಔಕುಸೊನ ಮನೆಗೆ ಬಂದರು. ಐದು ಎಂದೂ ಹೇಳುತ್ತಾರೆ. ವಿಚಾರಿಸಿದಾಗ ಐದನೆಯವನು ಸಾಲ ಕೊಟ್ಟಿದ್ದ ಗುದ್ದಲಿ ಕೇಳಲು ಬಂದವನೆಂದು ತಿಳಿಯಿತು.

ಪಾಠ ಹೇಳುವವರು ಡಾ. ಕಾಮಿನಿ ಗೌಂಡರ್. ಫಿಜಿಯವರು, ಅಪಿಯಾಕ್ಕೆ ಬಂದು ಒಂಬತ್ತು ವರ್ಷವಾಗಿತ್ತು, ನಮ್ಮ ಭಾಷೆಯನ್ನು ನಮಗಿಂತ ಸ್ಪಷ್ಟವಾಗಿ ಆಡುತ್ತಿದ್ದರು. ಕೊನೆಯ ಯೋಜನೆಯನ್ನು ಅವರು ಹೀಗೆ ವಿವರಿಸಿದರು: ನಿಜವಾದ ಒಂದು ಸಂಸ್ಥೆಯನ್ನು ಹಿಡಿಯಿರಿ. ಅಲ್ಲಿ ಕೆಲಸ ಹೇಗೆ ನಡೆಯುತ್ತದೆಂದು ಕೇಳಿ, ನೋಡಿ. ಚೌಕ ಹಾಕಿ, ಗೆರೆ ಎಳೆದು, ನಿಯಮ ಬರೆದು, ಡೇಟಾಬೇಸ್ ಕಟ್ಟಿ. ನಾನು ಅಲ್ಲಿಗೇ ಬಂದು ಪರೀಕ್ಷಿಸುತ್ತೇನೆ. ‘ಇದು ನಮ್ಮ ವ್ಯವಸ್ಥೆಯೇ ಹೌದು’ ಎಂದು ಆ ಸಂಸ್ಥೆಯವರು ಸಹಿ ಹಾಕಿದರೆ ಪಾಸು, ಇಲ್ಲದಿದ್ದರೆ ಇಲ್ಲ.

ಹುಡುಗರು ಗ್ರಂಥಾಲಯ, ಔಷಧಿ ಅಂಗಡಿ, ಕೋಳಿ ಫಾರಂ ಎಂದು ಹಂಚಿಕೊಂಡರು. ತರಗತಿಯಲ್ಲಿ ಎಲ್ಲರಿಗಿಂತ ಇಪ್ಪತ್ತು ವರ್ಷ ಹಿರಿಯನಾದ ಔಕುಸೊಗೆ ಗ್ರಂಥಾಲಯ ಹಿಡಿಯುವುದು ಗೌರವದ ಮಾತಾಗಿ ಕಾಣಲಿಲ್ಲ. ಎದ್ದು ನಿಂತು, “ನಮ್ಮೂರಿನ ಹಂದಿ ಹಂಚಿಕೆ ಮಾಹಿತಿ ವ್ಯವಸ್ಥೆ” ಎಂದ.

ಹುಡುಗರು ನಕ್ಕರು. ಡಾ. ಗೌಂಡರ್ ನಗಲಿಲ್ಲ. ಒಂಬತ್ತು ವರ್ಷದಲ್ಲಿ ನೂರ ಆರು ಗ್ರಂಥಾಲಯಗಳನ್ನು ತಿದ್ದಿದ್ದ ಅವರು, “ಮಾಡಿ, ತಾನಿಯೆಲು ಅವರೇ. ದಯವಿಟ್ಟು ಮಾಡಿ” ಎಂದರು.

ಕೆಲಸ ಸುಲಭವೇ ಇತ್ತು. ಹಂದಿಯ ತಲೆ ಅಡುಗೆ ಮಾಡಿದ ಗಂಡಸರಿಗೆ. ಹಿಂಗಾಲು ಸಭೆಯಲ್ಲಿ ಮಾತಾಡುವ ವಾಗ್ಮಿಗಳಿಗೆ. ಹೊಟ್ಟೆಯ ಭಾಗ ಹೆಂಗಸರಿಗೆ. ಬೆನ್ನು ಊರಿನ ಅತಿ ಹಿರಿಯ ಮುಖಂಡರಿಗೆ. ಅವನು ಕಾಗದ, ಪೆನ್ಸಿಲು ಹಿಡಿದು ಮೊದಲು ಫುಯಿಮಾಲು ಮುಖಂಡರ ಮನೆಗೆ ಹೋಗಿ ಚಾಪೆಯ ಮೇಲೆ ಕಾಲು ಮಡಚಿ ಕೂತ. ಹದಿನೈದು ನಿಮಿಷ ಉಪಚಾರದ ಮಾತಾದ ಮೇಲೆ ವಿಷಯಕ್ಕೆ ಬಂದ.

“ಬೆನ್ನು ನಮ್ದು,” ಎಂದರು ಫುಯಿಮಾಲು. “ಇದನ್ನೂ ಕೇಳ್ಬೇಕೇನಯ್ಯಾ? ಬರ್ಕೊ.”

ಬರೆದುಕೊಂಡ. ಪಕ್ಕದ ಮನೆಯ ಲೆಮಾಸೆ ಮುಖಂಡರ ಬಳಿ ಹೋದ.

“ಬೆನ್ನು ನಮ್ದು,” ಎಂದರು ಲೆಮಾಸೆ. “ಆ ಮನೇಲಿ ಅರ್ಧ ಗಂಟೆ ಕೂತಿದ್ಯಲ್ಲ, ಏನಂದ ಅವನು?”

“ಆರೋಗ್ಯ ವಿಚಾರಿಸಿದ್ರು, ದೊಡ್ಡವರೇ.”

“ಬೆನ್ನಿಂದಾ?”

ಔಕುಸೊ ಮೂರನೆಯದಾಗಿ ಸೆಫೊ ಎಂಬಾತನ ಬಳಿ ಹೋದ. ಸೆಫೊಗೆ ಐವತ್ತು ದಾಟಿದೆ. ಮೂವತ್ತೊಂದು ವರ್ಷದಿಂದ ಊರಿನ ಹಂದಿಗಳನ್ನೆಲ್ಲ ಕೊಯ್ದು ಪಾಲು ಹಾಕುವವನು ಅವನೇ.

“ಇಬ್ರೂ ಬೆನ್ನು ನಮ್ದು ಅಂತಾರೆ. ನೀನು ಯಾರಿಗೆ ಕೊಡ್ತೀಯಾ?”

“ಇಬ್ರಿಗೂ. ಎರಡು ಹಂದಿ ಬೇಯಿಸ್ತೀವಿ, ಇಬ್ರಿಗೂ ಒಂದೊಂದು. ‘ದೊಡ್ಡ ಹಂದಿದು ನಿಮ್ಗೇ ಇಟ್ಟಿದೀನಿ’ ಅಂತ ಇಬ್ರ ಕಿವೀಲೂ ಹೇಳ್ತೀನಿ.”

“ಒಂದೇ ಹಂದಿ ಇದ್ರೆ?”

“ಅವತ್ತು ನಂಗೆ ಜ್ವರ.”

“ಅಂದ್ರೆ?”

“ಜ್ವರ ಕಣಯ್ಯಾ! ಮೈ ಸುಡುತ್ತೆ, ಕತ್ತಿ ಹಿಡಿಯೋಕಾಗಲ್ಲ. ಇನ್ನೊಂದು ಹಂದಿ ಸಿಗೋವರೆಗೂ ಊಟ ಮುಂದಕ್ಕೆ ಹೋಗುತ್ತೆ. ಹಂದಿ ಸಿಕ್ಕಿದ್ ತಕ್ಷಣ ಜ್ವರ ಬಿಟ್ಟೂ ಹೋಗುತ್ತೆ. ಬೇಕಾದ್ರೆ ನನ್ನ ಹೆಂಡ್ತೀನ ಕೇಳು.”

ಔಕುಸೊ ಪೆನ್ಸಿಲನ್ನು ಎತ್ತಿದ, ಯೋಚಿಸಿದ, ಕೆಳಗಿಟ್ಟ. ಒಬ್ಬನ ಆರೋಗ್ಯದ ಸಮಸ್ಯೆಯನ್ನು ವಿಶ್ವವಿದ್ಯಾಲಯದ ಯೋಜನೆಯಲ್ಲಿ ಬರೆಯುವುದು ಸಭ್ಯತೆಯಲ್ಲ ಎಂದು ಅವನಿಗನಿಸಿತು. ಮುಂದಿನ ಅನಾಹುತವೆಲ್ಲ ಈ ಸಭ್ಯತೆಯಿಂದ ಹುಟ್ಟಿತು.

ಕಂಪ್ಯೂಟರಿನಲ್ಲಿ ಅವನು ಎರಡು ಚೌಕ ಹಾಕಿದ. ಒಂದರಲ್ಲಿ ಹಂದಿಯ ಭಾಗಗಳು, ಇನ್ನೊಂದರಲ್ಲಿ ಊರಿನ ಜನ. ನಡುವೆ ಗೆರೆ. ಪಠ್ಯದಲ್ಲಿ ಇದ್ದಂತೆ, ‘ಪ್ರತಿ ಭಾಗಕ್ಕೂ ಒಬ್ಬ ವಾರಸುದಾರ ಇರಲೇಬೇಕು, ಒಬ್ಬನೇ ಇರಬೇಕು’ ಎಂದು ನಿಯಮ ಬರೆದ. ಬೆನ್ನಿನ ಎದುರು ಫುಯಿಮಾಲು ಎಂದು ಹಾಕಿದ, ಏಕೆಂದರೆ ಅವರ ಮನೆಗೆ ಮೊದಲು ಹೋಗಿದ್ದ. ಆಮೇಲೆ ಲೆಮಾಸೆ ಎಂದು ಹಾಕಲು ಹೋದರೆ ಯಂತ್ರ, ‘ಈ ಭಾಗ ಈಗಾಗಲೇ ದಾಖಲಾಗಿದೆ’ ಎಂದಿತು. ಔಕುಸೊಗೆ ಸಂತೋಷವಾಯಿತು. ಎರಡು ಸಲ ಫೇಲಾದವನ ನಿಯಮ ಮೊದಲ ಬಾರಿಗೆ ಕೆಲಸ ಮಾಡಿತ್ತು. ಪಟ್ಟಿಯನ್ನು ವಿಶ್ವವಿದ್ಯಾಲಯದ ಲಾಂಛನವಿದ್ದ ಹಾಳೆಯ ಮೇಲೆ ಮುದ್ರಿಸಿ ಮನೆಗೆ ತಂದ.

ಮಾತಾಲೇನಾ ಅದನ್ನು ನೋಡಿದಳು. ಓದಲಿಲ್ಲ. ಲಾಂಛನ ಮತ್ತು ಗಂಡನ ಹೆಸರು ಕಂಡವು, ಅಷ್ಟು ಸಾಕಾಯಿತು. ಭಾನುವಾರ ಬೆಳಿಗ್ಗೆ ಏಳಕ್ಕೆ ಅದು ಚರ್ಚಿನ ಸೂಚನಾ ಫಲಕದ ಮೇಲೆ ನಾಲ್ಕು ಪಿನ್ನುಗಳಿಂದ ಅಂಟಿಕೊಂಡಿತ್ತು.

ಎಂಟು ಗಂಟೆಗೆ ಊರಿಡೀ ಹಬ್ಬಿದ ಸುದ್ದಿ ಇದು: ವಿಶ್ವವಿದ್ಯಾಲಯ ತೀರ್ಪು ಕೊಟ್ಟಿದೆ.

ಫುಯಿಮಾಲು ಮನೆಯವರು ಮೂವತ್ತೊಂದು ವರ್ಷದ ನ್ಯಾಯ ಗೆದ್ದೆವೆಂದು ಕಲ್ಲೊಲೆ ಹೊತ್ತಿಸಿ ಕೆಸುವಿನ ಗೆಡ್ಡೆ ಸುಟ್ಟರು. ಲೆಮಾಸೆ ಮನೆಯವರು ಗಲಾಟೆ ಮಾಡಲಿಲ್ಲ, ಚರ್ಚಿಗೆ ಬರಲಿಲ್ಲ ಅಷ್ಟೆ. ನಮ್ಮ ಗಾಯನ ಮೇಳದಲ್ಲಿ ಕೆಳಸ್ವರದ ಗಂಡಸರು ಹನ್ನೊಂದು ಮಂದಿ, ಹನ್ನೊಂದೂ ಆ ಮನೆಯವರೇ. ಅಂದಿನ ಸ್ತೋತ್ರಗಳೆಲ್ಲ ನೆಲದ ಮೇಲೆ ಕಾಲೂರದೆ ಮಾಡಿನ ಹತ್ತಿರವೇ ತೇಲಿಕೊಂಡು ಮುಗಿದವು.

ಪೂಜೆ ಮುಗಿದ ಮೇಲೆ ಪಾದ್ರಿಗಳು ಔಕುಸೊನ ಮನೆಗೇ ಬಂದರು.

“ಔಕುಸೊ, ಇದು ನಿಂದೇನಪ್ಪಾ?”

“ಬರೀ ಅಭ್ಯಾಸದ ಪಾಠ, ಪಾದ್ರಿಗಳೇ.”

“ದೇವರು ಮೋಶೆಗೆ ಕೊಟ್ಟ ಹತ್ತು ಆಜ್ಞೆಗಳೂ ಬರೀ ಎರಡು ಹಲಗೆ. ನಂಗೆ ಮುಂದಿನ ಭಾನುವಾರದೊಳಗೆ ಹನ್ನೊಂದು ಗಂಟಲು ವಾಪಸ್ ಬೇಕು.”

ಔಕುಸೊ ವಿವೇಕಿ. ಒಬ್ಬರಿಗೆ ಬೇಜಾರಾದರೆ ಅವರನ್ನು ಸಮಾಧಾನ ಮಾಡಬೇಕೆಂದು ಬಲ್ಲವನು. ಸೋಮವಾರ ಫುಯಿಮಾಲು ಹೆಸರು ಅಳಿಸಿ ಲೆಮಾಸೆ ಹೆಸರು ಹಾಕಿ, ‘ಪರಿಷ್ಕೃತ ಆವೃತ್ತಿ ೨’ ಎಂದು ಮುದ್ರಿಸಿ, ಸಂಜೆ ತಾನೇ ಫಲಕಕ್ಕೆ ಅಂಟಿಸಿದ.

ಹನ್ನೊಂದು ಗಂಟಲುಗಳು ಅಂದು ಸಂಜೆಯೇ ಅಭ್ಯಾಸಕ್ಕೆ ಬಂದವು. ಆದರೆ ನಮ್ಮೂರಿನಿಂದ ಅಪಿಯಾಕ್ಕೆ ಹೋಗುವ ಬಸ್ಸು ಫುಯಿಮಾಲು ಮನೆಯವರದು. ಮಂಗಳವಾರ ಬೆಳಿಗ್ಗೆ 5.40ಕ್ಕೆ ಔಕುಸೊ ರಸ್ತೆಯ ಪಕ್ಕ ನಿಂತು ಕೈ ಎತ್ತಿದ. ಬಸ್ಸು ನಿಧಾನವಾಯಿತು. ಓಡಿಸುತ್ತಿದ್ದ ಫುಯಿಮಾಲು ಅವರ ತಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ, “ಈ ಸೀಟು ಈಗಾಗಲೇ ದಾಖಲಾಗಿದೆ” ಎಂದು ಹೇಳಿ ಮುಂದಕ್ಕೆ ಹೋದ. ಒಳಗಿದ್ದವರು ಮುಂದಿನ ತಿರುವಿನವರೆಗೂ ನಗುವುದು ಕೇಳಿಸಿತು. ಯಂತ್ರದ ಆ ವಾಕ್ಯ ಹೊರಗೆ ಬಂದದ್ದು ಹೇಗೆ ಎಂದರೆ, ಔಕುಸೊ ಅದನ್ನು ಹೆಂಡತಿಗೆ ಹೇಳಿದ್ದ, ನಮ್ಮೂರಿನ ಮನೆಗಳಿಗೆ ಬರೀ ಕಂಬಗಳು, ಗೋಡೆಗಳಿಲ್ಲ. ಔಕುಸೊ ಮೂರು ಕಿಲೋಮೀಟರು ನಡೆದು ಪಕ್ಕದೂರಿನ ಬಸ್ಸು ಹಿಡಿದ. ಆಮೇಲೂ ದಿನಾ ಹೀಗೇ ನಡೆದ.

“ರೀ, ಎರಡೂ ಹೆಸರು ಹಾಕಿಬಿಡಿ,” ಎಂದಳು ಮಾತಾಲೇನಾ.

“ನಿಯಮ ಒಪ್ಪಲ್ಲ ಕಣೇ.”

“ಯಾರು ಬರೆದಿದ್ದು ಆ ನಿಯಮಾನ?”

“ನಾನೇ.”

“ನೀವು ಬರೆದಿದ್ದು ನಿಮ್ ಮಾತೇ ಕೇಳಲ್ವಾ? ಇದ್ಯಾವ ಸೀಮೆ ಅನಾಲಿಸ್ಟ್ರೀ ನೀವು!”

ಶುಕ್ರವಾರ ಊರ ಹಿರಿಯರ ಸಭೆ ಔಕುಸೊನನ್ನು ಕರೆಸಿತು. ಮುಖಂಡರು ಪದವಿಗೆ ತಕ್ಕಂತೆ ತಮ್ಮ ತಮ್ಮ ಕಂಬಕ್ಕೆ ಒರಗಿ ಕೂತಿದ್ದರು. ಫುಯಿಮಾಲು ಒಂದು ತುದಿಯ ಕಂಬ, ಲೆಮಾಸೆ ಇನ್ನೊಂದು ತುದಿಯದು. ಇಬ್ಬರೂ ಸಮುದ್ರ ನೋಡುತ್ತಿದ್ದರು. ಆವಾ ಪಾನೀಯದ ಬಟ್ಟಲು ಒಂದು ಸುತ್ತು ಬಂದ ಮೇಲೆ ಹಿರಿಯ ವಾಗ್ಮಿ ವಾಎಲೂವಾ ಊರುಗೋಲು ಹಿಡಿದು ಮಾತೆತ್ತಿದರು.

“ಊರಿನ ಶಾಂತಿ ಕದಡಿದ್ದಕ್ಕೆ ಔಕುಸೊಗೆ ದಂಡ. ಬರೋ ಗುರುವಾರ ಅವನು ಈ ಸಭೆಗೆ ಒಂದು ಹಂದಿ ಬೇಯಿಸಿ ಬಡಿಸ್ಬೇಕು.”

ಎಲ್ಲರೂ ತಲೆಯಾಡಿಸಿದರು. ಎರಡು ಕ್ಷಣದ ಬಳಿಕ ತಲೆಗಳು ಒಂದೊಂದಾಗಿ ನಿಂತವು.

“ಒಂದು ಹಂದಿ ಅಂದ್ರಾ?” ಎಂದು ಯಾರೋ ಮೆಲ್ಲಗೆ ಕೇಳಿದರು.

ವಾಎಲೂವಾ ಅವರಿಗೂ ಆಗಲೇ ಅರ್ಥವಾಗಿತ್ತು. ಆದರೆ ಊರುಗೋಲು ಹಿಡಿದು ಆಡಿದ ಮಾತನ್ನು ನಮ್ಮಲ್ಲಿ ಯಾರೂ ಹಿಂದಕ್ಕೆ ತೆಗೆದುಕೊಂಡಿಲ್ಲ, ತಪ್ಪೆಂದು ಗೊತ್ತಿದ್ದಾಗಂತೂ ಇಲ್ಲವೇ ಇಲ್ಲ. “ಒಂದು” ಎಂದರು ಇನ್ನೂ ಗಟ್ಟಿಯಾಗಿ. ಹೊರಗೆ ತೆಂಗಿನಕಾಯಿ ಸುಲಿಯುತ್ತಿದ್ದ ಸೆಫೊ ಅಲ್ಲೇ ಕೂತು ಹಣೆ ಮುಟ್ಟಿಕೊಂಡ.

“ಮತ್ತೆ ನನ್ನ ಸಹಿ, ದೊಡ್ಡವರೇ?” ಎಂದ ಔಕುಸೊ. “ವಿಶ್ವವಿದ್ಯಾಲಯದ ಮೇಡಂ ಗುರುವಾರವೇ ಬರ್ತಾರೆ. ನೀವಿಬ್ರೂ ಸಹಿ ಹಾಕ್ದಿದ್ರೆ ನಾನು ಫೇಲು. ಇನ್ನೊಂದ್ ಸಲ ಕೂರೋಕೆ ಬಿಡಲ್ಲ.”

ಫುಯಿಮಾಲು ಸಮುದ್ರಕ್ಕೆ ಹೇಳಿದರು: “ಹಂದಿ ಸರಿಯಾಗಿ ಹಂಚು. ಹಾಕ್ತೀನಿ.”

ಲೆಮಾಸೆ ಅದೇ ಸಮುದ್ರಕ್ಕೆ ಹೇಳಿದರು: “ನಾನೂ ಅಷ್ಟೇ.”

ಸೋಮವಾರ ಔಕುಸೊ ಡಾ. ಗೌಂಡರ್ ಅವರ ಕೋಣೆಯಲ್ಲಿ ಇಡೀ ಕಥೆ ಹೇಳಿದ. ಅವರು ಎರಡೂ ಆವೃತ್ತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು.

“ಇಷ್ಟು ವರ್ಷ ಜಗಳ ಇಲ್ದೆ ಹೇಗೆ ನಡೀತು?”

“ಎರಡು ಹಂದಿ ಬೇಯಿಸ್ತಿದ್ರು, ಮೇಡಂ. ಒಂದೇ ಇದ್ರೆ ಸೆಫೊಗೆ ಜ್ವರ ಬರ್ತಿತ್ತು.”

“ಇದನ್ನ ಎಲ್ಲಿ ಬರೆದಿದೀರಿ?”

“ಅದು ನಿಯಮ ಅಲ್ಲ ಮೇಡಂ, ಜ್ವರ.”

“ಮೂವತ್ತೊಂದು ವರ್ಷ ಲೆಕ್ಕ ತಪ್ಪದೆ ಬರೋ ಜ್ವರ ನಿಯಮಾನೇ, ತಾನಿಯೆಲು ಅವರೇ! ನೀವು ಅವರು ಹೇಳಿದ್ದನ್ನ ಬರೆದ್ರಿ, ಮಾಡೋದನ್ನ ಬಿಟ್ರಿ. ಇನ್ನೊಂದು ನೋಡಿ, ಊರಲ್ಲಿರೋ ಹಂದಿಗಳನ್ನೆಲ್ಲ ಸೇರಿಸಿ ಒಂದೇ ಹಂದಿ ಮಾಡಿದೀರಿ. ಬೆನ್ನು ಊರಿಗೆ ಸೇರಿದ್ದಲ್ಲ, ಆಯಾ ಹಂದಿಗೆ ಸೇರಿದ್ದು. ಹಂದಿಗೊಂದು ಚೌಕ ಬೇಕು. ಪ್ರತಿ ಹಂದಿಗೂ ಒಂದು ನಂಬರ್ ಕೊಡಿ.”

ಔಕುಸೊ ಅದನ್ನು ಬರೆದುಕೊಂಡ. “ಮೇಡಂ, ಒಂದನೇ ನಂಬರ್ ಹಂದಿ ಯಾರಿಗೆ?”

“ಯಾರಿಗಾದ್ರೂ. ಆ ನಂಬರ್‌ಗೆ ಅರ್ಥ ಇರಲ್ಲ.”

“ನಮ್ಮೂರಲ್ಲಿ ಮನೆ ಕಂಬಕ್ಕೂ ಅರ್ಥ ಇದೆ, ಮೇಡಂ.”

ಡಾ. ಗೌಂಡರ್ ಕನ್ನಡಕ ತೆಗೆದು ಒರೆಸಿಕೊಂಡರು. “ಎರಡು ಹಂದಿ ಆದ್ರೆ ಆ ತಲೆನೋವು. ಗುರುವಾರ ಇರೋದು ಒಂದೇ ಅಲ್ವಾ? ಅದನ್ನ ಯೋಚಿಸಿ.”

ಗುರುವಾರ ಬಂತು. ಔಕುಸೊ ಸಾಕಿದ್ದರಲ್ಲಿ ದೊಡ್ಡ ಹಂದಿಯೇ ಕಲ್ಲೊಲೆಯಿಂದ ಕೆಂಪಗೆ ಎದ್ದು ಬಂದು ಬಾಳೆ ಎಲೆಯ ಮೇಲೆ ಕೂತಿತು. ಸೆಫೊ ಬಿಸಿಲಿನಲ್ಲಿ ಎರಡು ಹೊದಿಕೆ ಹೊದ್ದು ಮಲಗಿದ್ದ. ಡಾ. ಗೌಂಡರ್ ತಮ್ಮ ಪುಟ್ಟ ಕಾರಿನಲ್ಲಿ ಹನ್ನೊಂದಕ್ಕೆ ಬಂದರು. ಅವರನ್ನು ಗೌರವದ ಜಾಗದಲ್ಲಿ, ಸೂಕ್ಷ್ಮ ಹೆಣಿಗೆಯ ಚಾಪೆಯ ಮೇಲೆ ಕೂರಿಸಿದರು. ಮಹಿಳಾ ಮಂಡಳಿ ಹೊರಗೆ ಕೂತಿತ್ತು, ನಡುವೆ ಮಾತಾಲೇನಾ. ಅಂದು ಊರಿನ ಯಾವ ಹೊಲದಲ್ಲೂ ಕೆಲಸ ನಡೆಯಲಿಲ್ಲ.

“ಪಾಲು ಹಾಕೋನಿಗೆ ಹುಷಾರಿಲ್ಲ,” ಎಂದರು ವಾಎಲೂವಾ. “ಔಕುಸೊ, ನೀನೇ ಕತ್ತಿ ತಗೊ. ನಿನ್ನ ಯಂತ್ರ ಹೇಳ್ದಂಗೆ ಹಂಚು.”

ಔಕುಸೊ ಕಂಪ್ಯೂಟರ್ ತೆರೆದಿಟ್ಟು ಓದುತ್ತ ಕೊಯ್ಯತೊಡಗಿದ. ತಲೆ, ಅಡುಗೆಯವರಿಗೆ. ಹಿಂಗಾಲು, ವಾಗ್ಮಿಗಳಿಗೆ. ಹೊಟ್ಟೆ, ಹೆಂಗಸರಿಗೆ. ಪ್ರತಿ ಪಾಲನ್ನೂ ಕೂಗಿ ಹೇಳಿದ, ಪಡೆದವರು ತಲೆಬಾಗಿದರು. ಕೊನೆಗೆ ಎಲೆಯ ಮೇಲೆ ಬೆನ್ನು ಉಳಿಯಿತು. ಒಂದು ತುದಿಯ ಕಂಬಕ್ಕೆ ಒರಗಿದ್ದ ಬೆನ್ನೊಂದು ನೆಟ್ಟಗಾಯಿತು, ಇನ್ನೊಂದು ತುದಿಯ ಕಂಬದ್ದೂ.

“ಬೆನ್ನು,” ಎಂದ ಔಕುಸೊ. ಪರದೆ ನೋಡಿದ. “ಖಾಲಿ.”

“ಏನು ಖಾಲಿ?”

“ವಾರಸುದಾರ ಇರಲೇಬೇಕು ಅನ್ನೋ ನಿಯಮಾನ ತೆಗೆದುಬಿಟ್ಟೆ, ದೊಡ್ಡವರೇ. ಬೆನ್ನಿನ ಎದುರು ಚೌಕ ಖಾಲಿ ಬಿಟ್ಟಿದೀನಿ.”

ಖಾಲಿ ಚೌಕ ಅವಮಾನವೋ ಗೌರವವೋ ಎಂದು ಊರು ಲೆಕ್ಕ ಹಾಕುತ್ತಿತ್ತು. ಮೊದಲು ಚೇತರಿಸಿಕೊಂಡವರು ವಾಎಲೂವಾ. ವಾಗ್ಮಿ ಎಂದು ಅವರನ್ನು ಸುಮ್ಮನೆ ಕರೆಯುವುದಿಲ್ಲ. ಊರುಗೋಲು ನೆಲಕ್ಕೆ ಊರಿ, “ಖಾಲಿ ಇರೋ ಜಾಗ ಅತಿಥಿಯದು!” ಎಂದು ಗುಡುಗಿದರು. “ಬೆನ್ನು ವಿಶ್ವವಿದ್ಯಾಲಯದ ಮೇಡಮ್ಮೋರಿಗೆ!”

ಫುಯಿಮಾಲು ಲೆಮಾಸೆ ಕಡೆ ನೋಡಿದರು. ಲೆಮಾಸೆಗೆ ಅದು ಸಿಗಲಿಲ್ಲ. ಲೆಮಾಸೆ ಫುಯಿಮಾಲು ಕಡೆ ನೋಡಿದರು. ಅವರಿಗೂ ಸಿಗಲಿಲ್ಲ. ಇಬ್ಬರ ಮುಖದಲ್ಲೂ ಬಹಳ ವರ್ಷಗಳ ಮೇಲೆ ಒಂದು ತೃಪ್ತಿ ಕಾಣಿಸಿತು. “ಮಾಲೋ!” ಎಂದು ಇಬ್ಬರೂ ಒಟ್ಟಿಗೆ ಹೊಗಳಿದರು. ಬೆನ್ನನ್ನು ಹಸಿ ತೆಂಗಿನ ಗರಿಯ ಬುಟ್ಟಿಯಲ್ಲಿಟ್ಟು ಡಾ. ಗೌಂಡರ್ ಅವರ ಮುಂದಿಟ್ಟರು.

ಅವರು ಔಕುಸೊನನ್ನು ಸನ್ನೆಯಿಂದ ಹತ್ತಿರ ಕರೆದರು. ಮುಖದ ನಗು ಹಾಗೇ ಇತ್ತು, ಧ್ವನಿಯಲ್ಲಿ ಇರಲಿಲ್ಲ.

“ತಾನಿಯೆಲು ಅವರೇ, ನಾನು ಮಾಂಸ ತಿನ್ನಲ್ಲ.”

“ಅಯ್ಯೋ ಮೇಡಂ!”

“ಬಿಟ್ಟು ಹೋದ್ರೆ?”

“ಊರಿಗೇ ಅವಮಾನ.”

“ಇಲ್ಲೇ ಯಾರಿಗಾದ್ರೂ ಕೊಟ್ರೆ?”

“ಅವರಿಗೆ ತೀರ್ಪು ಕೊಟ್ಟಂಗೆ.”

“ಹಾಗಾದ್ರೆ ಇದೇ ನಿಮ್ಮ ಮೌಖಿಕ ಪರೀಕ್ಷೆ. ಈ ವ್ಯವಸ್ಥೆನ ನಾಲ್ಕು ತಿಂಗಳು ವಿಶ್ಲೇಷಣೆ ಮಾಡಿದೀರಿ. ನಾನೀಗ ಏನು ಮಾಡ್ಬೇಕು?”

ಔಕುಸೊ ಇಡೀ ಜೀವನದಲ್ಲಿ ಯಾವ ಪ್ರಶ್ನೆಗೂ ಅಷ್ಟು ಬೇಗ ಉತ್ತರ ಕೊಟ್ಟಿರಲಿಲ್ಲ.

“ತಲೆಬಾಗಿ ತಗೊಳ್ಳಿ. ಕಾರಿನ ಡಿಕ್ಕೀಲಿ ಇಡಿ. ಎಲ್ರೂ ನೋಡೋ ಹಾಗೆ ಮುಚ್ಚಿ. ಊರಿನ ಗಡಿ ದಾಟೋವರೆಗೂ ನಿಲ್ಲಿಸ್ಬೇಡಿ. ದಾಟಿದ ಮೇಲೆ ಯಾರಿಗ್ ಬೇಕಾದ್ರೂ ಕೊಡಿ. ಆದ್ರೆ ಯಾರಿಗೆ ಅಂತ ನಂಗೆ ಮಾತ್ರ ಹೇಳ್ಬೇಡಿ, ಮೇಡಂ. ಗೊತ್ತಾದ್ರೆ ದಾಖಲಿಸ್ಬೇಕಾಗುತ್ತೆ.”

ಡಾ. ಗೌಂಡರ್ ಅವನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಬುಟ್ಟಿಯನ್ನು ಎರಡೂ ಕೈಯಲ್ಲಿ ತಲೆಯ ಮಟ್ಟಕ್ಕೆ ಎತ್ತಿ ವಂದಿಸಿದರು. ಊರು ಚಪ್ಪಾಳೆ ಹೊಡೆಯಿತು. ಹೊರಗೆ ಸೆಫೊ ಹೊದಿಕೆ ಸರಿಸಿ ಎದ್ದು, ತಲೆಯ ಮಾಂಸ ಉಳಿದಿದೆಯೇ ಎಂದು ವಿಚಾರಿಸಿದ.

ಸಹಿಯ ಹಾಳೆ ಬಂತು. ಹಂದಿಯ ಭಾಗಗಳ ಪಟ್ಟಿ, ಕೊನೆಯಲ್ಲಿ ಬೆನ್ನು, ಅದರ ಎದುರು ಖಾಲಿ ಚೌಕ. ಫುಯಿಮಾಲು ಕನ್ನಡಕ ಏರಿಸಿ ಆ ಚೌಕವನ್ನು ಬಹಳ ಹೊತ್ತು ಓದಿ ಸಹಿ ಹಾಕಿದರು. ಲೆಮಾಸೆ ಅದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಓದಿ ಸಹಿ ಹಾಕಿದರು. ಸಂಜೆ ಫುಯಿಮಾಲು ತಮ್ಮ ಮನೆಯಲ್ಲಿ, “ನಮ್ಮ ಹೆಸರು ಬರೀಲೇಬೇಕಾಗಿಲ್ಲ ಅಂತ ವಿಶ್ವವಿದ್ಯಾಲಯವೇ ಒಪ್ಪಿದೆ, ಎಲ್ಲರಿಗೂ ಗೊತ್ತಿರೋ ವಿಷಯ” ಎಂದರು. ಪಕ್ಕದ ಮನೆಯಲ್ಲಿ ಲೆಮಾಸೆ ಏನೆಂದರು ಎಂದು ಬೇರೆ ಬರೆಯಬೇಕಾಗಿಲ್ಲ. ಶುಕ್ರವಾರ 5.40ಕ್ಕೆ ಬಸ್ಸು ಔಕುಸೊಗಾಗಿ ನಿಂತಿತು. ಭಾನುವಾರ ಹನ್ನೊಂದು ಗಂಟಲುಗಳೂ ಹಾಡಿದವು.

ಡಿಸೆಂಬರಿನಲ್ಲಿ ಫಲಿತಾಂಶ ಬಂತು: ನೂರಕ್ಕೆ ಐವತ್ತೊಂದು. ಚೌಕ, ಗೆರೆಗಳಿಗೆ ಡಾ. ಗೌಂಡರ್ ಅಷ್ಟೇನೂ ಕೊಟ್ಟಿರಲಿಲ್ಲ. ಮೌಖಿಕ ಪರೀಕ್ಷೆಗೆ ಮಾತ್ರ ಪೂರ್ಣ ಅಂಕ. ಮಾತಾಲೇನಾ ಅದನ್ನು ಮಹಿಳಾ ಮಂಡಳಿಯಲ್ಲಿ, “ಅರ್ಧಕ್ಕಿಂತ ಹೆಚ್ಚು ಅನಾಲಿಸ್ಟ್” ಎಂದು ಪ್ರಕಟಿಸಿದಳು.

ಇನ್ನು ಆ ಬುಟ್ಟಿ. ಡಾ. ಗೌಂಡರ್, ಔಕುಸೊ ಹೇಳಿದಂತೆಯೇ, ಗಡಿ ದಾಟುವವರೆಗೂ ನಿಲ್ಲಿಸಲಿಲ್ಲ. ನಿಜ ಹೇಳಬೇಕೆಂದರೆ ಅಪಿಯಾದವರೆಗೂ ನಿಲ್ಲಿಸಲಿಲ್ಲ. ವಿಶ್ವವಿದ್ಯಾಲಯದ ಗೇಟಿನಲ್ಲಿ ಎದುರಿಗೆ ಕಂಡ ಮೊದಲನೆಯ ಮನುಷ್ಯನಿಗೆ, ಅಂದರೆ ಹಗಲು ಪಾಳಿಯ ಕಾವಲುಗಾರನಿಗೆ ಅದನ್ನು ಕೊಟ್ಟು ಕೈ ತೊಳೆದುಕೊಂಡರು. ಅವನ ಊರು ಯಾವುದೆಂದು ಅವರು ಕೇಳಲಿಲ್ಲ. ಅವನು ಸಾಲೆಯಾಫುವಿನ ಹೆಣ್ಣುಮಗಳೊಬ್ಬಳ ಮಗ, ಆ ಎರಡು ಮನೆಗಳಲ್ಲಿ ಒಂದರ ಮೊಮ್ಮಗ. ಶನಿವಾರ ಅವನು ಬುಟ್ಟಿಯನ್ನು ತಾತನ ಮನೆಗೆ ಹೊತ್ತು ತಂದ. ಯಾವ ಮನೆಗೆ ಎಂಬುದನ್ನು ನಾನು ಮೂರು ಕಡೆ ವಿಚಾರಿಸಿ ಖಚಿತಪಡಿಸಿಕೊಂಡಿದ್ದೇನೆ. ಬರೆಯುವುದಿಲ್ಲ.